ಸ್ಪ್ಯಾನಿಷ್ ಎಷ್ಟು ದೇಶಗಳ ಅಧಿಕೃತ ಭಾಷೆ? 16, 20, 21: ಯಾವ ಉತ್ತರ ಸರಿ?

ಹಾವೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದಿನ ತಿಂಗಳ ರಸಪ್ರಶ್ನೆ ಸ್ಪರ್ಧೆಗೆಂದು ‘ಸ್ಪ್ಯಾನಿಷ್ ಎಷ್ಟು ದೇಶಗಳಲ್ಲಿ ಅಧಿಕೃತ ಭಾಷೆಯಾಗಿದೆ?’ ಎಂಬ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೆ. ಉತ್ತರವನ್ನು ಖಚಿತಪಡಿಸಿಕೊಳ್ಳೋಣವೆಂದು ಹುಡುಕಿದರೆ ಒಂದು ಕಡೆ 20, ಇನ್ನೊಂದು ಕಡೆ 21, ಮತ್ತೊಂದು ಕಡೆ 16 ಎಂದು ಸಿಕ್ಕಿತು. ಮಕ್ಕಳಿಗೆ ತಪ್ಪು ಹೇಳಿಕೊಡಲು ಮನಸ್ಸು ಒಪ್ಪುವುದಿಲ್ಲ. ಫಿಲಿಪೈನ್ಸ್ ಮುನ್ನೂರಕ್ಕೂ ಹೆಚ್ಚು ವರ್ಷ ಸ್ಪೇನಿನ ಕೈಯಲ್ಲಿತ್ತು ಎಂದು ನಾನೇ ಪಾಠ ಮಾಡಿದ್ದೇನೆ, ಆದರೆ ಅದು ಯಾವ ಪಟ್ಟಿಯಲ್ಲೂ ಇಲ್ಲ. ಬದಲಿಗೆ ಆಫ್ರಿಕದ ಒಂದು ದೇಶವಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ನಕ್ಷೆಪ್ರಿಯ

ಮೇಡಂ, ಮೊದಲು 20ರ ಲೆಕ್ಕವನ್ನು ಕೊಡುತ್ತೇನೆ. ಯುರೋಪಿನಲ್ಲಿ ಸ್ಪೇನ್ ಒಂದೇ. ಉತ್ತರ ಅಮೆರಿಕದಲ್ಲಿ ಮೆಕ್ಸಿಕೊ. ಅಲ್ಲಿಂದ ನಕ್ಷೆಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಇಳಿಯುತ್ತ ಹೋದರೆ ಗ್ವಾಟೆಮಾಲ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವ, ಕೋಸ್ಟರಿಕ, ಪನಾಮ ಎಂಬ ಆರು ದೇಶಗಳು ಸಿಗುತ್ತವೆ. ಕೆರಿಬಿಯನ್ ಸಮುದ್ರದಲ್ಲಿ ಕ್ಯೂಬಾ ಮತ್ತು ಡೊಮಿನಿಕನ್ ಗಣರಾಜ್ಯ. ದಕ್ಷಿಣ ಅಮೆರಿಕದಲ್ಲಿ ಕೊಲಂಬಿಯ, ವೆನೆಜುವೆಲ, ಈಕ್ವೆಡಾರ್, ಪೆರು, ಬೊಲಿವಿಯ, ಚಿಲಿ, ಅರ್ಜೆಂಟೀನ, ಪರಾಗ್ವೆ, ಉರುಗ್ವೆ ಎಂಬ ಒಂಬತ್ತು. ಆಫ್ರಿಕದಲ್ಲಿ ಈಕ್ವಟೋರಿಯಲ್ ಗಿನಿ. ಒಟ್ಟು ಇಪ್ಪತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ಅಧೀನದಲ್ಲಿರುವ ಪೋರ್ಟೊರಿಕೊವನ್ನೂ ಸೇರಿಸಿಕೊಂಡವರು 21 ಎನ್ನುತ್ತಾರೆ, ಆದರೆ ಅದು ಸ್ವತಂತ್ರ ದೇಶವಲ್ಲ. ಬೆಲೀಜ್ ಎಂಬ ಪುಟ್ಟ ದೇಶ ಮಧ್ಯ ಅಮೆರಿಕದಲ್ಲೇ ಇದ್ದು, ಅಲ್ಲಿನ ಅರ್ಧಕ್ಕೂ ಹೆಚ್ಚು ಜನ ಸ್ಪ್ಯಾನಿಷ್ ಬಲ್ಲವರಾದರೂ, ಅದು ಬ್ರಿಟಿಷರ ವಸಾಹತಾಗಿದ್ದುದರಿಂದ ಅಲ್ಲಿ ಅಧಿಕೃತ ಭಾಷೆ ಇಂಗ್ಲಿಷ್. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಇರುವುದಕ್ಕೆ ಬೇರು 1494ರ ತೊರ್ದೆಸಿಯಾಸ್ ಒಪ್ಪಂದದಲ್ಲಿದೆ. ಸ್ಪೇನ್ ಮತ್ತು ಪೋರ್ಚುಗಲ್ ತಾವಿನ್ನೂ ಸರಿಯಾಗಿ ಕಂಡೇ ಇರದ ಭೂಮಿಯನ್ನು ಗೆರೆ ಎಳೆದು ಹಂಚಿಕೊಂಡ ಒಪ್ಪಂದ ಅದು.

16 ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದು ನನಗೆ ಹೊಳೆಯಲಿಲ್ಲ.

ಸಂವಿಧಾನ ಓದುಗ

ಅದು ಸಂವಿಧಾನಗಳನ್ನು ಓದಿದವರ ಲೆಕ್ಕ. ನಾನು ಕಾನೂನು ಓದುವಾಗ ಇದೇ ವಿಷಯದ ಮೇಲೆ ಕೆಲವು ತಿಂಗಳು ಕೆಲಸ ಮಾಡಿದ್ದೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೇಲಿನ ಇಪ್ಪತ್ತು ದೇಶಗಳ ಪೈಕಿ ಮೆಕ್ಸಿಕೊ, ಅರ್ಜೆಂಟೀನ, ಚಿಲಿ ಮತ್ತು ಉರುಗ್ವೆಗಳ ಸಂವಿಧಾನದಲ್ಲಿ ‘ಸ್ಪ್ಯಾನಿಷ್ ನಮ್ಮ ಅಧಿಕೃತ ಭಾಷೆ’ ಎಂಬ ಸಾಲು ಎಲ್ಲಿಯೂ ಇಲ್ಲ. ಸಂಸತ್ತು, ನ್ಯಾಯಾಲಯ, ಶಾಲೆ, ಪತ್ರವ್ಯವಹಾರ ಎಲ್ಲವೂ ಸ್ಪ್ಯಾನಿಷಿನಲ್ಲೇ ನಡೆಯುತ್ತವೆ, ಅದನ್ನು ಬರೆದಿಡುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಈ ನಾಲ್ಕನ್ನು ಬಿಟ್ಟರೆ ಉಳಿಯುವುದು 16. ಜಗತ್ತಿನಲ್ಲೇ ಅತಿ ಹೆಚ್ಚು ಸ್ಪ್ಯಾನಿಷ್ ಭಾಷಿಕರಿರುವ ದೇಶ ಮೆಕ್ಸಿಕೊ. ಅದನ್ನು ಹೊರಗಿಟ್ಟ ಪಟ್ಟಿಯಿಂದ ನಿಮ್ಮ ಮಕ್ಕಳಿಗೆ ಏನೂ ಉಪಯೋಗವಾಗದು. ಆದ್ದರಿಂದ ನಾನು 20 ಎಂದೇ ಹೇಳುತ್ತೇನೆ, ಆದರೆ ‘ಕಾನೂನಿನಲ್ಲಿ ಅಥವಾ ರೂಢಿಯಲ್ಲಿ’ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಉಳಿದ 16 ಸಂವಿಧಾನಗಳು ಭಾಷೆಯನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಸ್ಪೇನ್, ಬೊಲಿವಿಯ, ಕೊಲಂಬಿಯ, ಈಕ್ವೆಡಾರ್, ಎಲ್ ಸಾಲ್ವಡಾರ್, ಪರಾಗ್ವೆ, ಪೆರು, ವೆನೆಜುವೆಲ ಈ ಎಂಟು ದೇಶಗಳಲ್ಲಿ ಇರುವ ಪದ ‘ಕಾಸ್ತೆಯಾನೊ’, ಅಂದರೆ ಕಾಸ್ಟೀಲ್ ಪ್ರಾಂತ್ಯದ ನುಡಿ. ಉಳಿದ ಎಂಟರಲ್ಲಿ ‘ಎಸ್ಪಾನ್ಯೋಲ್’. ಸ್ಪೇನಿನ 1978ರ ಸಂವಿಧಾನದ 3ನೆಯ ವಿಧಿ ಇದನ್ನು ಬಹಳ ಎಚ್ಚರದಿಂದ ಬರೆದಿದೆ: ಕಾಸ್ತೆಯಾನೊ ಇಡೀ ರಾಷ್ಟ್ರದ ಅಧಿಕೃತ ಭಾಷೆ, ಅದನ್ನು ತಿಳಿದಿರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ, ಬಳಸುವುದು ಹಕ್ಕು, ಸ್ಪೇನಿನ ಇತರ ಭಾಷೆಗಳೂ ತಂತಮ್ಮ ಸ್ವಾಯತ್ತ ಪ್ರಾಂತ್ಯಗಳಲ್ಲಿ ಅಧಿಕೃತ. ‘ಸ್ಪ್ಯಾನಿಷ್’ ಎಂಬ ಹೆಸರನ್ನು ಒಂದೇ ಭಾಷೆಗೆ ಕೊಟ್ಟುಬಿಟ್ಟರೆ ಕ್ಯಾಟಲನ್, ಬಾಸ್ಕ್, ಗಲೀಷಿಯನ್ ಭಾಷೆಗಳು ಸ್ಪೇನಿನವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಸರ್ವಾಧಿಕಾರಿ ಫ್ರಾಂಕೋ ಆಡಳಿತದಲ್ಲಿ ದಶಕಗಳ ಕಾಲ ಅದುಮಿಟ್ಟಿದ್ದ ಆ ಭಾಷೆಗಳ ನೋವು ಇನ್ನೂ ಹಸಿಯಾಗಿದ್ದಾಗ ಬರೆದ ಸಂವಿಧಾನ ಅದು. 2023ರ ಸೆಪ್ಟೆಂಬರಿನಿಂದ ಸ್ಪೇನಿನ ಸಂಸತ್ತಿನ ಕೆಳಮನೆಯಲ್ಲಿ ಆ ಮೂರು ಭಾಷೆಗಳಲ್ಲೂ ಮಾತನಾಡಲು ಅವಕಾಶ ಸಿಕ್ಕಿದೆ.

ನಮ್ಮಲ್ಲೂ ಹಿಂದಿಯನ್ನು ‘ರಾಷ್ಟ್ರಭಾಷೆ’ ಎನ್ನುವವರಿದ್ದಾರೆ. ಆದರೆ 343ನೆಯ ವಿಧಿ ಹೇಳುವುದು ಒಕ್ಕೂಟದ ಅಧಿಕೃತ ಭಾಷೆಯ ಕುರಿತು ಮಾತ್ರ. ‘ರಾಷ್ಟ್ರಭಾಷೆ’ ಮತ್ತು ‘ಅಧಿಕೃತ ಭಾಷೆ’ ಬೇರೆಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಈ ಪಾಠ ಒಳ್ಳೆಯ ಸಂದರ್ಭ.

ಪುಯೆಬ್ಲಾದಲ್ಲಿದ್ದವ

ಮೆಕ್ಸಿಕೊದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಕಾರು ಬಿಡಿಭಾಗಗಳ ಕಾರ್ಖಾನೆಯೊಂದರ ಕೆಲಸದ ಮೇಲೆ ನಾನು ಪುಯೆಬ್ಲಾ ನಗರದಲ್ಲಿ ಮೂರು ವರ್ಷ ಇದ್ದೆ. ಹೋಗುವ ಮೊದಲು ಅಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯೇ ಇಲ್ಲವೆಂದು ನಂಬಿದ್ದೆ. ನಾವಿದ್ದ ಮನೆಗೆ ಅಡುಗೆಗೆ ಬರುತ್ತಿದ್ದ ಹೆಂಗಸು ತನ್ನ ತಾಯಿಯೊಡನೆ ಫೋನಿನಲ್ಲಿ ಮಾತನಾಡುವಾಗ ನನಗೆ ಒಂದು ಪದವೂ ಅರ್ಥವಾಗದಿದ್ದುದನ್ನು ಕಂಡು ಕೇಳಿದರೆ, ಅದು ನಾವಾತ್ಲ್ ಎಂದಳು. ಅಜ್ತೆಕ್ ಜನರ ಭಾಷೆ ಅದು. ಇತಿಹಾಸದ ಪುಸ್ತಕದಲ್ಲಿ ಮುಗಿದುಹೋಗಿದೆ ಎಂದುಕೊಂಡಿದ್ದ ಭಾಷೆಯೊಂದು ಅಡುಗೆಮನೆಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ನಾವು ದಿನವೂ ಹೇಳುವ ಟೊಮೆಟೊ, ಚಾಕೊಲೇಟ್ ಪದಗಳೂ ಅಲ್ಲಿಂದಲೇ ಸ್ಪ್ಯಾನಿಷಿನ ಮೂಲಕ ಬಂದವು.

ನಾವಾತ್ಲ್ ಆಡುವವರು ಇಂದಿಗೂ ಹದಿನಾರು ಲಕ್ಷಕ್ಕೂ ಹೆಚ್ಚು. 2020ರ ಜನಗಣತಿಯ ಪ್ರಕಾರ ಮೆಕ್ಸಿಕೊದ ಎಲ್ಲ ಮೂಲನಿವಾಸಿ ಭಾಷೆಗಳನ್ನು ಸೇರಿಸಿದರೆ 70 ಲಕ್ಷಕ್ಕೂ ಹೆಚ್ಚು ಜನ. 2003ರಲ್ಲಿ ಬಂದ ಭಾಷಾ ಹಕ್ಕುಗಳ ಕಾಯ್ದೆಯು ಈ ಭಾಷೆಗಳನ್ನೂ ಸ್ಪ್ಯಾನಿಷನ್ನೂ ಒಂದೇ ಸಾಲಿನಲ್ಲಿ ‘ರಾಷ್ಟ್ರೀಯ ಭಾಷೆಗಳು’ ಎಂದು ಕರೆಯಿತು. 68 ಭಾಷಾ ಗುಂಪುಗಳನ್ನು ಸರ್ಕಾರವೇ ಗುರುತಿಸಿದೆ.

ಸ್ಪೇನಿನವರು ಬಂದಕೂಡಲೇ ಇಡೀ ಅಮೆರಿಕ ಸ್ಪ್ಯಾನಿಷ್ ಆಯಿತೆಂಬುದು ತಪ್ಪು ತಿಳಿವಳಿಕೆ. ಪಾದ್ರಿಗಳು ಧರ್ಮಪ್ರಚಾರಕ್ಕಾಗಿ ಸ್ಥಳೀಯ ಭಾಷೆಗಳನ್ನೇ ಕಲಿತು ಅವುಗಳಿಗೆ ವ್ಯಾಕರಣ ಬರೆದರು. ಆ ಭಾಷೆಗಳನ್ನು ಅಳಿಸಿ ಎಲ್ಲರೂ ಕಾಸ್ತೆಯಾನೊ ಆಡಬೇಕೆಂದು ಮೂರನೆಯ ಕಾರ್ಲೊಸ್ ದೊರೆ ಆಜ್ಞೆ ಹೊರಡಿಸಿದ್ದು 1770ರಲ್ಲಿ. ಐವತ್ತು ವರ್ಷಗಳ ನಂತರ, 1821ರಲ್ಲಿ, ಸ್ವಾತಂತ್ರ್ಯ ಬಂದಾಗಲೂ ಮೆಕ್ಸಿಕೊದ ಬಹುಪಾಲು ಜನರ ಮನೆಮಾತು ಸ್ಪ್ಯಾನಿಷ್ ಆಗಿರಲಿಲ್ಲ. ಅದನ್ನು ಮನೆಮನೆಗೆ ತಲುಪಿಸಿದ್ದು ಸ್ವತಂತ್ರ ಗಣರಾಜ್ಯಗಳ ಶಾಲೆಗಳು. ದೊರೆಯ ಆಜ್ಞೆಗೆ ಆಗದ ಕೆಲಸವನ್ನು ಸ್ವಂತ ಸರ್ಕಾರದ ಶಾಲೆ ಮಾಡಿತು ಎಂಬುದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಆ ಹೆಂಗಸಿನ ಮಕ್ಕಳಿಗೆ ನಾವಾತ್ಲ್ ಬರುತ್ತಿರಲಿಲ್ಲ.

ತುಳುನಾಡಿನವ

ಹಾಗಿದ್ದರೆ ನೀವು ಪರಾಗ್ವೆಯನ್ನು ನೋಡಬೇಕು ಸರ್. ಅಲ್ಲಿ 1992ರ ಸಂವಿಧಾನ ಕಾಸ್ತೆಯಾನೊ ಮತ್ತು ಗ್ವಾರಾನಿ ಎರಡನ್ನೂ ದೇಶದ ಅಧಿಕೃತ ಭಾಷೆಗಳೆಂದು ಘೋಷಿಸಿದೆ. ಲ್ಯಾಟಿನ್ ಅಮೆರಿಕದ ಬೇರೆಡೆ ಮೂಲನಿವಾಸಿ ಭಾಷೆಯನ್ನು ಆಡುವವರು ಸಾಮಾನ್ಯವಾಗಿ ಆ ಸಮುದಾಯದವರೇ. ಪರಾಗ್ವೆಯಲ್ಲಿ ಮಾತ್ರ ಮೂಲನಿವಾಸಿಗಳಲ್ಲದ ಬಹುಸಂಖ್ಯಾತರೂ ಗ್ವಾರಾನಿ ಆಡುತ್ತಾರೆ. ಪೇಟೆಯ ಮಾತಿನಲ್ಲಿ ಎರಡೂ ಬೆರೆತುಹೋಗಿವೆ, ಆ ಬೆರಕೆಗೆ ‘ಜೊಪಾರಾ’ ಎನ್ನುತ್ತಾರೆ. ದೇಶದ ನಾಣ್ಯದ ಹೆಸರೂ ಗ್ವಾರಾನಿ. ಜೆಸ್ಯೂಯಿಟ್ ಪಾದ್ರಿಗಳು 1767ರಲ್ಲಿ ಹೊರದೂಡಲ್ಪಡುವವರೆಗೂ ತಮ್ಮ ವಸತಿಗಳಲ್ಲಿ ಗ್ವಾರಾನಿಯಲ್ಲೇ ಬರೆದು, ಮುದ್ರಿಸಿ, ಕಲಿಸಿದ್ದು ಅದಕ್ಕೆ ಒಂದು ಕಾರಣ. ತಾಯಂದಿರು ಬಹುಮಟ್ಟಿಗೆ ಗ್ವಾರಾನಿಯವರೇ ಆಗಿದ್ದ ಮಿಶ್ರ ಕುಟುಂಬಗಳಿಂದ ಆ ಸಮಾಜ ಬೆಳೆದದ್ದು ಇನ್ನೊಂದು.

ಬೊಲಿವಿಯ ಇದಕ್ಕಿಂತ ಮುಂದೆ ಹೋಗಿದೆ. 2009ರ ಸಂವಿಧಾನದ 5ನೆಯ ವಿಧಿಯಲ್ಲಿ ಕಾಸ್ತೆಯಾನೊದ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಒಂದೊಂದಾಗಿ ಹೆಸರಿಸಿ ಅಧಿಕೃತಗೊಳಿಸಿದ್ದಾರೆ. ಐಮಾರಾ, ಕೆಚುವಾಗಳಂತಹ ಲಕ್ಷಾಂತರ ಜನರ ಭಾಷೆಗಳೂ, ಬೆರಳೆಣಿಕೆಯ ಹಿರಿಯರಷ್ಟೇ ಬಲ್ಲ ಭಾಷೆಗಳೂ ಅದೇ ಸಾಲಿನಲ್ಲಿವೆ. ಸರ್ಕಾರಿ ನೌಕರಿಗೆ ಸೇರುವವರು ಕನಿಷ್ಠ ಎರಡು ಅಧಿಕೃತ ಭಾಷೆಗಳನ್ನು ಬಲ್ಲವರಾಗಿರಬೇಕು ಎಂಬ ನಿಯಮವನ್ನೂ ಬರೆದಿದ್ದಾರೆ. ಎಂಟನೆಯ ಪರಿಚ್ಛೇದಕ್ಕೆ ತುಳುವನ್ನು ಸೇರಿಸಿರೆಂದು ವರ್ಷಗಟ್ಟಲೆ ಕೇಳುತ್ತಲೇ ಇರುವ ನಮ್ಮಂಥವರು ಆ ವಿಧಿಯನ್ನು ಓದಿದರೆ ಹೊಟ್ಟೆ ತುಂಬಿದಂತಾಗುತ್ತದೆ.

ಸಂವಿಧಾನ ಓದುಗ

ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ, ಆದರೆ ಹೆಸರು ಬರೆದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ. ಪೆರುವಿನ ಉದಾಹರಣೆ ನೋಡಿ. ಅಲ್ಲಿನ ಸೇನಾ ಸರ್ಕಾರ 1975ರಲ್ಲಿ ಕೆಚುವಾವನ್ನು ಸ್ಪ್ಯಾನಿಷಿಗೆ ಸಮನಾದ ಅಧಿಕೃತ ಭಾಷೆಯೆಂದು ಸಾರಿತು. ಆದರೆ ಆ ಸಮಾನತೆ ಹೆಚ್ಚು ಕಾಲ ಉಳಿಯಲಿಲ್ಲ. ಈಗಿನ 1993ರ ಸಂವಿಧಾನದಲ್ಲಿ ಕೆಚುವಾ, ಐಮಾರಾ ಮತ್ತಿತರ ಭಾಷೆಗಳು ‘ಹೆಚ್ಚಾಗಿ ಬಳಕೆಯಲ್ಲಿರುವ ಪ್ರದೇಶಗಳಲ್ಲಿ’ ಮಾತ್ರ ಅಧಿಕೃತ. ಕೊಲಂಬಿಯದಲ್ಲೂ 1991ರಿಂದ ಬಹುಮಟ್ಟಿಗೆ ಇದೇ ಪದ್ಧತಿ. ಗ್ವಾಟೆಮಾಲದಲ್ಲಿ ಮಾಯಾ ಕುಟುಂಬಕ್ಕೆ ಸೇರಿದ ಭಾಷೆಗಳೇ 22 ಇದ್ದರೂ ಸಂವಿಧಾನದ ಪ್ರಕಾರ ಅಧಿಕೃತ ಭಾಷೆ ಸ್ಪ್ಯಾನಿಷ್ ಒಂದೇ.

ಹಾವೇರಿ ಟೀಚರ್

ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಫಿಲಿಪೈನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಮುನ್ನೂರು ವರ್ಷ ಆಳಿದರೂ ಅಲ್ಲಿ ಭಾಷೆ ಏಕೆ ಉಳಿಯಲಿಲ್ಲ?

ಹಳೆಯ ಗ್ರಂಥಪಾಲಕ

ನಾನು ನಿವೃತ್ತ ಗ್ರಂಥಪಾಲಕ, ಏಷ್ಯಾದ ವಸಾಹತುಗಳ ಇತಿಹಾಸ ನನ್ನ ಓದಿನ ವಿಷಯ. ಫಿಲಿಪೈನ್ಸ್ 1565ರಿಂದ 1898ರವರೆಗೆ ಸ್ಪೇನಿನ ಅಧೀನದಲ್ಲಿತ್ತು ನಿಜ. ಆದರೆ 1821ರವರೆಗೆ ಅದರ ಆಡಳಿತ ನಡೆದದ್ದು ಮೆಕ್ಸಿಕೊದ ಮೂಲಕ. ಮನಿಲಾ ಮತ್ತು ಅಕಾಪುಲ್ಕೊ ನಡುವೆ ವರ್ಷಕ್ಕೊಂದೆರಡು ದೊಡ್ಡ ಹಡಗುಗಳು ಪೆಸಿಫಿಕ್ ದಾಟುತ್ತಿದ್ದವು, ಬೆಳ್ಳಿ ಬರುತ್ತಿತ್ತು, ಚೀನಾದ ರೇಷ್ಮೆ ಹೋಗುತ್ತಿತ್ತು. ಸ್ಪೇನಿನಿಂದ ಬಂದು ನೆಲೆಸಿದವರು ಬಹಳ ಕಡಿಮೆ. ಅಮೆರಿಕದಲ್ಲಿ ಸಿಡುಬು, ದಡಾರಗಳಿಂದ ಮೂಲನಿವಾಸಿಗಳ ಸಂಖ್ಯೆ ಭೀಕರವಾಗಿ ಕುಸಿದು, ಹೊರಗಿನಿಂದ ಬಂದವರೂ ಮಿಶ್ರ ಸಂತತಿಯವರೂ ದೊಡ್ಡ ಸಮುದಾಯಗಳಾಗಿ ಬೆಳೆದರು. ಫಿಲಿಪೈನ್ಸ್‌ನಲ್ಲಿ ಅಂತಹ ಬದಲಾವಣೆ ಆಗಲೇ ಇಲ್ಲ. ಪಾದ್ರಿಗಳು ಟಗಾಲೊಗ್, ಸೆಬುವಾನೊಗಳಲ್ಲಿ ಉಪದೇಶ ಮಾಡಿದರು. ಸ್ಪ್ಯಾನಿಷ್ ಓದು ಬಲ್ಲ ಮೇಲ್ವರ್ಗದ ಭಾಷೆಯಾಗಿಯೇ ಉಳಿಯಿತು.

ಆ ದೇಶದ ಸ್ವಾತಂತ್ರ್ಯದ ಕನಸನ್ನು ಬರೆದದ್ದು ಮಾತ್ರ ಸ್ಪ್ಯಾನಿಷಿನಲ್ಲೇ. ಹೊಸೆ ರಿಸಾಲ್ ತಮ್ಮ ಕಾದಂಬರಿಗಳನ್ನು ಆ ಭಾಷೆಯಲ್ಲಿ ಬರೆದರು, 1899ರ ಮೊದಲ ಗಣರಾಜ್ಯದ ಸಂವಿಧಾನವೂ ಆ ಭಾಷೆಯಲ್ಲಿದೆ. ಅಷ್ಟರಲ್ಲಿ ಅಮೆರಿಕನ್ನರು ಬಂದು ಊರೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. 1935ರ ಸಂವಿಧಾನದಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಅಧಿಕೃತವಾಗಿದ್ದವು. 1973ರ ಸಂವಿಧಾನ ಸ್ಪ್ಯಾನಿಷನ್ನು ಕೈಬಿಟ್ಟಿತು. ಅದೇ ವರ್ಷ, ಸರ್ಕಾರಿ ಕಡತಗಳಲ್ಲಿ ಅನುವಾದವಾಗದ ಸ್ಪ್ಯಾನಿಷ್ ದಾಖಲೆಗಳು ಇನ್ನೂ ಇವೆ ಎಂಬ ಕಾರಣಕ್ಕೆ ಅಧ್ಯಕ್ಷರ ಆದೇಶವೊಂದು ಅದನ್ನು ಮರಳಿ ತಂದಿತು. 1987ರ ಸಂವಿಧಾನದಲ್ಲಿ ಅದು ಐಚ್ಛಿಕವಾಗಿ ಪ್ರೋತ್ಸಾಹಿಸಬೇಕಾದ ಭಾಷೆಯಾಗಿ ಅರಬ್ಬಿಯ ಪಕ್ಕದಲ್ಲಿ ನಿಂತಿದೆ. ಕೊನೆಯ ವರ್ಷಗಳಲ್ಲಿ ಆ ಭಾಷೆಯ ಅಧಿಕೃತ ಸ್ಥಾನವನ್ನು ಹಿಡಿದಿಟ್ಟದ್ದು ಹಳೆಯ ಕಡತಗಳು ಎಂಬುದನ್ನು ಓದಿದಾಗ, ನಾಲ್ಕು ದಶಕ ಕಡತಗಳ ನಡುವೆಯೇ ಕಳೆದ ನನಗೆ ಗಂಟಲು ಕಟ್ಟಿತು. ಸಾಂಬುವಾಂಗಾ ನಗರದಲ್ಲಿ ಇಂದಿಗೂ ಜನ ಆಡುವ ಚಾವಕಾನೊ ಎಂಬ ಬೆರಕೆ ನುಡಿಯಲ್ಲಿ ಹೆಚ್ಚಿನ ಪದಗಳು ಸ್ಪ್ಯಾನಿಷಿನವೇ.

ಕಾರವಾರದ ನಾವಿಕ

ಆಫ್ರಿಕದ ಬಗ್ಗೆ ನಾನು ಹೇಳುತ್ತೇನೆ. ನಾನು ಸರಕು ಹಡಗಿನಲ್ಲಿ ಎಂಜಿನಿಯರ್. ಈಕ್ವಟೋರಿಯಲ್ ಗಿನಿಯ ಮಲಾಬೊ ಬಂದರಿನಲ್ಲಿ ಎರಡು ಬಾರಿ ಇಳಿದಿದ್ದೇನೆ. ಮಲಾಬೊ ಇರುವುದು ಬಿಯೊಕೊ ಎಂಬ ದ್ವೀಪದಲ್ಲಿ, ದೇಶದ ದೊಡ್ಡ ಭಾಗ ಮುಖ್ಯಭೂಮಿಯ ಮೇಲೆ ಗ್ಯಾಬೊನ್ ಮತ್ತು ಕ್ಯಾಮರೂನ್ ನಡುವೆ ಇದೆ. ಒಟ್ಟು 28,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಸುಮಾರು ಏಳರಲ್ಲೊಂದು ಪಾಲು. ಬಂದರಿನ ಕಾಗದಪತ್ರ, ಅಂಗಡಿಯ ಫಲಕ, ಪೊಲೀಸರ ಮಾತು ಎಲ್ಲ ಸ್ಪ್ಯಾನಿಷ್. ಆದರೆ ಸರಕು ಇಳಿಸುವವರು ತಮ್ಮತಮ್ಮಲ್ಲಿ ಫಾಂಗ್ ಆಡುತ್ತಿದ್ದರು, ದ್ವೀಪದ ಮೂಲದವರು ಬುಬಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಾಗ ಇಬ್ಬರೂ ಸ್ಪ್ಯಾನಿಷಿಗೆ ಹೊರಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಕ್ಷೆಪ್ರಿಯ

ಪೋರ್ಚುಗಲ್ 1778ರಲ್ಲಿ ಒಪ್ಪಂದ ಮಾಡಿಕೊಂಡು ಆ ದ್ವೀಪಗಳನ್ನು ಸ್ಪೇನಿಗೆ ಬಿಟ್ಟುಕೊಟ್ಟಿತ್ತು. 1968ರ ಅಕ್ಟೋಬರ್ 12ರಂದು ದೇಶ ಸ್ವತಂತ್ರವಾಯಿತು. ಆ ನಂತರದ ಮಸಿಯಾಸ್ ಎಂಗೆಮಾ ಅವರ ಕ್ರೂರ ಆಡಳಿತದಲ್ಲಿ ಸ್ಪ್ಯಾನಿಷನ್ನು ಬದಿಗೊತ್ತುವ ಪ್ರಯತ್ನ ನಡೆಯಿತು. 1979ರ ಕ್ಷಿಪ್ರಕ್ರಾಂತಿಯ ಬಳಿಕ ಅದು ಮತ್ತೆ ಮೊದಲ ಸ್ಥಾನಕ್ಕೆ ಬಂತು. ಸುತ್ತಲಿನ ದೇಶಗಳೊಂದಿಗೆ ಒಂದೇ ನಾಣ್ಯ ಹಂಚಿಕೊಂಡಿರುವುದರಿಂದ 1998ರಲ್ಲಿ ಫ್ರೆಂಚ್ ಕೂಡ ಅಧಿಕೃತವಾಯಿತು. ಪೋರ್ಚುಗೀಸ್ ಆಮೇಲೆ ಸೇರಿತು.

ಬಯಲುಸೀಮೆ

ನನಗೆ ಒಂದು ಆಕ್ಷೇಪವಿದೆ. ಮನೆಯಲ್ಲಿ ಫಾಂಗ್ ಆಡುವ ಜನರ ದೇಶವನ್ನು ‘ಸ್ಪ್ಯಾನಿಷ್ ದೇಶ’ ಎಂದು ಎಣಿಸುತ್ತೀರಿ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡಿದರೂ ಅದನ್ನು ಬಿಡುತ್ತೀರಿ. ಇದು ನ್ಯಾಯವೇ?

ಸಂವಿಧಾನ ಓದುಗ

ಪ್ರಶ್ನೆ ಸರಿಯಾಗಿದೆ, ಆದರೆ ಟೀಚರ್ ಕೇಳಿದ್ದು ‘ಯಾರು ಆಡುತ್ತಾರೆ’ ಎಂದಲ್ಲ, ‘ಸರ್ಕಾರ ಯಾವ ಭಾಷೆಯಲ್ಲಿ ನಡೆಯುತ್ತದೆ’ ಎಂದು. ಎರಡಕ್ಕೂ ಬೇರೆಬೇರೆ ಪಟ್ಟಿಗಳು ಬೇಕು. ಅಮೆರಿಕಕ್ಕೆ ಒಕ್ಕೂಟದ ಮಟ್ಟದಲ್ಲಿ ಅಧಿಕೃತ ಭಾಷೆಯೇ ಇರಲಿಲ್ಲ. 2025ರ ಮಾರ್ಚಿನಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ಹಾಗೆ ಘೋಷಿಸಿತು. ಪೋರ್ಟೊರಿಕೊದಲ್ಲಿ ಮಾತ್ರ 1902ರಿಂದ ಎರಡೂ ಭಾಷೆಗಳು ಅಧಿಕೃತವಾಗಿದ್ದವು. 1991ರಲ್ಲಿ ಅಲ್ಲಿನ ಶಾಸನಸಭೆ ಸ್ಪ್ಯಾನಿಷ್ ಒಂದನ್ನೇ ಉಳಿಸಿಕೊಂಡಿತು, 1993ರಲ್ಲಿ ಹೊಸ ಸರ್ಕಾರ ಬಂದು ಇಂಗ್ಲಿಷನ್ನು ಮರಳಿ ಸೇರಿಸಿತು. ಬೀದಿಯ ಮಾತು ಆ ಎರಡು ವರ್ಷಗಳ ಮೊದಲೂ ನಂತರವೂ ಸ್ಪ್ಯಾನಿಷೇ. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಅದು ಅಧಿಕೃತವೆಂದು ಹಲವರು ಬರೆಯುತ್ತಾರೆ. ಅಲ್ಲಿನ ಸಂವಿಧಾನ ಸ್ಪ್ಯಾನಿಷ್ ಭಾಷಿಕರಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆಯೇ ಹೊರತು ಅಧಿಕೃತ ಸ್ಥಾನವನ್ನಲ್ಲ.

ಬಯಲುಸೀಮೆ

ಒಪ್ಪಿದೆ. ಹಾಗಾದರೆ ಟೀಚರ್ ಅವರು ಎರಡು ಪ್ರಶ್ನೆಗಳನ್ನು ಕೇಳಲಿ ಎಂದು ನನ್ನ ಸಲಹೆ.

ಹಾವೇರಿ ಟೀಚರ್

ನಿಮ್ಮೆಲ್ಲರ ಮಾತನ್ನು ಓದಿ ಪ್ರಶ್ನೆಯನ್ನು ಹೀಗೆ ಬದಲಿಸಿದ್ದೇನೆ, ದಯವಿಟ್ಟು ನೋಡಿ ಹೇಳಿ. ‘ಕಾನೂನಿನಲ್ಲಿ ಅಥವಾ ರೂಢಿಯಲ್ಲಿ ಸ್ಪ್ಯಾನಿಷನ್ನು ಅಧಿಕೃತ ಭಾಷೆಯಾಗಿ ಬಳಸುವ ಸ್ವತಂತ್ರ ದೇಶಗಳು ಎಷ್ಟು?’ ಉತ್ತರ 20. ‘ಅವುಗಳಲ್ಲಿ ಆಫ್ರಿಕದ ದೇಶ ಯಾವುದು?’ ಉತ್ತರ ಈಕ್ವಟೋರಿಯಲ್ ಗಿನಿ. ‘ಸ್ಪ್ಯಾನಿಷಿನ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಅಧಿಕೃತಗೊಳಿಸಿದ ದೇಶ ಯಾವುದು?’ ಉತ್ತರ ಬೊಲಿವಿಯ. ಕೊನೆಯದು, ‘ಸ್ಪ್ಯಾನಿಷ್ ಅಧಿಕೃತವಾಗಿರುವ ನೆಲ ಯಾವ ನಾಲ್ಕು ಖಂಡಗಳಲ್ಲಿದೆ?’ ಉತ್ತರ ಯುರೋಪ್, ಆಫ್ರಿಕ, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ. ನಾವಾತ್ಲ್ ಕಥೆಯನ್ನು ಸ್ಪರ್ಧೆ ಮುಗಿದ ಮೇಲೆ ತರಗತಿಯಲ್ಲಿ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳು ಬಹಳ ಇದ್ದಾರೆ.

ನಕ್ಷೆಪ್ರಿಯ

ಮೊದಲ ಮೂರು ಸರಿ ಇವೆ ಮೇಡಂ. ಕೊನೆಯದರಲ್ಲಿ ಒಂದು ತೊಡಕಿದೆ. ಪೆಸಿಫಿಕ್ ಸಾಗರದ ನಡುವೆ, ಚಿಲಿಯ ಕರಾವಳಿಯಿಂದ ಸುಮಾರು 3,500 ಕಿಲೋಮೀಟರ್ ದೂರದಲ್ಲಿರುವ ಈಸ್ಟರ್ ದ್ವೀಪ 1888ರಿಂದ ಚಿಲಿಗೆ ಸೇರಿದೆ. ಭೂಗೋಳದ ಲೆಕ್ಕದಲ್ಲಿ ಅದು ಓಷಿಯಾನಿಯಾದ ಭಾಗ. ಆಡಳಿತ ಅಲ್ಲೂ ಸ್ಪ್ಯಾನಿಷಿನಲ್ಲೇ, ಜನರ ಮೂಲ ಭಾಷೆ ರಾಪಾನುಯಿ. ಚುರುಕಾದ ಹುಡುಗಿಯೊಬ್ಬಳು ಐದು ಎಂದು ಉತ್ತರಿಸಿ ಇದನ್ನು ವಿವರಿಸಿದರೆ ಆಕೆಗೆ ಅಂಕ ತಪ್ಪಬಾರದು.

ಹಾವೇರಿ ಟೀಚರ್

‘ನಾಲ್ಕು’ ಎಂಬ ಪದವನ್ನು ತೆಗೆದು, ‘ಯಾವ ಯಾವ ಖಂಡಗಳಲ್ಲಿದೆ?’ ಎಂದು ತಿದ್ದಿದ್ದೇನೆ. ಈಸ್ಟರ್ ದ್ವೀಪಕ್ಕೆ ಒಂದು ಹೆಚ್ಚುವರಿ ಅಂಕವನ್ನೂ ಇಟ್ಟಿದ್ದೇನೆ.